ಡಿಜಿಟಲ್ ನಕ್ಷೆ ಮತ್ತು ಜಮೀನಿನ ಗಡಿ: ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಭೂಮಿಯ ಮೇಲಿನ ಗಡಿ, ರಸ್ತೆ, ಹಳ್ಳ, ಕೆರೆ, ಕಟ್ಟಡ, ಅರಣ್ಯ ಮುಂತಾದವುಗಳನ್ನು ಅವುಗಳ ಅಕ್ಷಾಂಶ ರೇಖಾಂಶಗಳೊಂದಿಗೆ ಗಣಕಯಂತ್ರದಲ್ಲಿ ಸಂಗ್ರಹಿಸಿ, ಒಂದರ ಮೇಲೊಂದು ಪದರವಾಗಿ ಇರಿಸಿ ನೋಡಲು, ಅಳೆಯಲು ಮತ್ತು ಹೋಲಿಸಲು ಅನುವು ಮಾಡಿಕೊಡುವ ವ್ಯವಸ್ಥೆಯನ್ನು ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಜಿ.ಐ.ಎಸ್. ಎಂದು ಕರೆಯಲಾಗುತ್ತದೆ. ಕರ್ನಾಟಕದಲ್ಲಿ ಈ ಕಾರ್ಯವನ್ನು ಪ್ರಮುಖವಾಗಿ ನಿರ್ವಹಿಸುತ್ತಿರುವ ಸಂಸ್ಥೆಯು 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವಾಗಿರುತ್ತದೆ. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ತೋರಿಸುವ 'ದಿಶಾಂಕ್' ಎಂಬ ಮೊಬೈಲ್ ತಂತ್ರಾಂಶವನ್ನು ಈ ಕೇಂದ್ರವೇ ಸಿದ್ಧಪಡಿಸಿದೆ. ರೈತನು ತನ್ನ ತೋಟದಲ್ಲಿ ನಿಂತು ಫೋನನ್ನು ತೆರೆದರೆ, ತಾನು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂಬುದು ಪರದೆಯ ಮೇಲೆ ಕಾಣುತ್ತದೆ.

ಈ ಅನುಕೂಲದೊಂದಿಗೆ ಒಂದು ತಪ್ಪು ಗ್ರಹಿಕೆಯೂ ಹರಡಿದೆ. ಫೋನಿನಲ್ಲಿ ಕಾಣುವ ಗೆರೆಯೇ ಜಮೀನಿನ ಗಡಿ ಎಂದು ಭಾವಿಸಿ ಬೇಲಿ ಸರಿಸುವುದು, ಮರ ಕಡಿಯುವುದು, ಮುಂಗಡ ಹಣ ಕೊಟ್ಟು ಕರಾರು ಮಾಡಿಕೊಳ್ಳುವುದು ಅಪಾಯಕಾರಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿರುವ ಮೇಗರವಳ್ಳಿಯ ಸುತ್ತಮುತ್ತಲಿನಂತಹ ಪ್ರದೇಶದಲ್ಲಿ ಈ ಅಪಾಯ ಬಯಲುಸೀಮೆಗಿಂತ ಹೆಚ್ಚು. ಇಲ್ಲಿ ಗದ್ದೆ, ಅಡಿಕೆ ತೋಟ, ಸೊಪ್ಪಿನಬೆಟ್ಟ, ಕಾನು, ಅಧಿಸೂಚಿತ ಅರಣ್ಯ ಇವೆಲ್ಲವೂ ಕೆಲವೇ ನೂರು ಅಡಿಗಳ ಅಂತರದಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಗೆರೆಯು ಹತ್ತು ಮೀಟರ್ ಆಚೀಚೆಯಾದರೆ ಜಮೀನಿನ ಸ್ವರೂಪವೇ ಬದಲಾದಂತೆ ತೋರುತ್ತದೆ. ಆದ್ದರಿಂದ ಡಿಜಿಟಲ್ ನಕ್ಷೆಯು ಹೇಗೆ ತಯಾರಾಗಿದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಮತ್ತು ಯಾವ ಸಂದರ್ಭದಲ್ಲಿ ಭೂಮಾಪಕರ ಅಳತೆಯೇ ಅಗತ್ಯ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಗ್ರಾಮ ನಕ್ಷೆಯು ಗಣಕಯಂತ್ರಕ್ಕೆ ಬಂದ ಬಗೆ

ಈ ಮೂರು ತಾಲ್ಲೂಕುಗಳಿಗೆ ಭೂಮಾಪನವು ಹೊಸ ವಿಷಯವಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಜಾರಿಗೆ ತಂದ ಕಂದಾಯ ನಿರ್ಧಾರ ಕ್ರಮವು 'ಶಿಸ್ತು' ಎಂದೇ ಹೆಸರಾಗಿದೆ. ಆತನ ರಾಜ್ಯದ ಮುಖ್ಯ ಸ್ಥಳಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಅಥವಾ ನಗರ ಹೊಸನಗರ ತಾಲ್ಲೂಕಿನಲ್ಲಿಯೂ, ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. ಆದರೆ ಶಿಸ್ತಿನಲ್ಲಿ ಭೂಮಿಯ ಅಳತೆಗೆ ಆಧಾರವಾದುದು ಉದ್ದ ಅಗಲವಲ್ಲ, ಬಿತ್ತನೆಯ ಬೀಜದ ಪ್ರಮಾಣ ಮತ್ತು ಐದು ವರ್ಷಗಳ ಇಳುವರಿ. ಗದ್ದೆಯನ್ನು ಇಂದಿಗೂ ಖಂಡುಗದ ಲೆಕ್ಕದಲ್ಲಿ ಹೇಳುವ ಹಿರಿಯರು ಮಲೆನಾಡಿನಲ್ಲಿದ್ದಾರೆ. ಇಂತಹ ಅಳತೆಯಿಂದ ಕಂದಾಯ ನಿರ್ಧರಿಸಬಹುದೇ ಹೊರತು ನಕ್ಷೆ ಬರೆಯಲಾಗದು.

ಈಗ ಬಳಕೆಯಲ್ಲಿರುವ ಸರ್ವೆ ನಂಬರುಗಳ ಮೂಲವು ಹಳೆಯ ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಸರ್ವೆಯಾಗಿರುತ್ತದೆ. ಆಗ ಬಳಸಿದ ಉಪಕರಣಗಳು ಎರಡೇ: 33 ಅಡಿ ಉದ್ದದ ಸರಪಳಿ ಮತ್ತು ಲಂಬಕೋನವನ್ನು ಗುರುತಿಸುವ ಕ್ರಾಸ್ ಸ್ಟಾಫ್. ಸರಪಳಿಯನ್ನು 16 ಆಣೆಗಳಾಗಿ ವಿಂಗಡಿಸಲಾಗಿತ್ತು. ಒಂದು ಆಣೆಯೆಂದರೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಹೊಲದ ನಡುವೆ ಒಂದು ಮೂಲ ರೇಖೆಯನ್ನು ಹಾಯಿಸಿ, ಅದರಿಂದ ಪ್ರತಿ ಮೂಲೆಗೆ ಎಷ್ಟು ಸರಪಳಿ, ಎಷ್ಟು ಆಣೆ ದೂರ ಎಂದು ಬರೆದಿಟ್ಟ ಹಾಳೆಯೇ 'ಟಿಪ್ಪಣಿ'. ವಿಸ್ತೀರ್ಣ ಮತ್ತು ಕಂದಾಯದ ಆಕಾರವನ್ನು ನಮೂದಿಸಿದ ವಹಿ 'ಆಕಾರ್‌ಬಂದ್'. ಇವುಗಳ ಆಧಾರದಿಂದ ಇಡೀ ಗ್ರಾಮವನ್ನು ಒಂದೇ ಹಾಳೆಯಲ್ಲಿ ಚಿತ್ರಿಸಿದ್ದು ಗ್ರಾಮ ನಕ್ಷೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗಡಿಯ ನಿಜವಾದ ಅಳತೆ ಇರುವುದು ಟಿಪ್ಪಣಿಯಲ್ಲಿ. ಗ್ರಾಮ ನಕ್ಷೆಯು ಅದರ ಸಂಕ್ಷಿಪ್ತ ಚಿತ್ರ ಮಾತ್ರ. ಗ್ರಾಮ ನಕ್ಷೆಗಳ ಸಾಮಾನ್ಯ ಪ್ರಮಾಣವು ಮೈಲಿಗೆ 8 ಇಂಚು, ಅಂದರೆ 1:7920. ಈ ಪ್ರಮಾಣದಲ್ಲಿ ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್ ಆಗುತ್ತದೆ. ಕಾಲು ಮಿಲಿಮೀಟರ್ ದಪ್ಪದ ಲೇಖನಿಯ ಗೆರೆಯೇ ಎರಡು ಮೀಟರ್ ಜಾಗವನ್ನು ಆವರಿಸುತ್ತದೆ. ಹಳೆಯ ಹಾಳೆಯು ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾಗಿದ್ದರೆ, 4 ಕಿಲೋಮೀಟರ್ ಅಗಲದ ಗ್ರಾಮದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 40 ಮೀಟರ್ ವ್ಯತ್ಯಾಸ ಬರುತ್ತದೆ. ಮಲೆನಾಡಿನ ಕಚೇರಿಗಳಲ್ಲಿ ಕಾಗದವು ಎಂತಹ ಮಳೆಗಾಲಗಳನ್ನು ಕಂಡಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ಗಣಕಯಂತ್ರದಲ್ಲಿ ಪುನಃ ಎಳೆದು, ಬಳಿಕ ಅವುಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲಾಗಿದೆ. ಕೂರಿಸಲು ನಕ್ಷೆಯಲ್ಲಿಯೂ ಚಿತ್ರದಲ್ಲಿಯೂ ಸ್ಪಷ್ಟವಾಗಿ ಕಾಣುವ ಗುರುತುಗಳು ಬೇಕು. ಕೆರೆಯ ಏರಿ, ರಸ್ತೆ ಕೂಡುವ ಸ್ಥಳ, ದೇವಸ್ಥಾನ, ಮೂರು ಗ್ರಾಮಗಳ ಗಡಿ ಸೇರುವಲ್ಲಿನ ಕಲ್ಲು ಇಂತಹ ಗುರುತುಗಳಾಗಿರುತ್ತವೆ. ಬಯಲುಸೀಮೆಯಲ್ಲಿ ಹೊಲದ ಬದುಗಳೇ ಚಿತ್ರದಲ್ಲಿ ಕಾಣುವುದರಿಂದ ನಕ್ಷೆ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಮೇಗರವಳ್ಳಿಯ ಸುತ್ತಲಿನ ಕಾಡಿನಲ್ಲಿ ಗಡಿಕಲ್ಲು ಮರದ ಅಡಿಯಲ್ಲಿರುತ್ತದೆ, ಹಳ್ಳ ಮರೆಯಲ್ಲಿರುತ್ತದೆ, ಗುರುತಾಗಿ ಉಳಿಯುವುದು ಹೆದ್ದಾರಿ ಮತ್ತು ಗದ್ದೆಯ ಕೋಗು ಮಾತ್ರ. ಹೆದ್ದಾರಿಯೂ ಹಳೆಯ ಸರ್ವೆಯ ಕಾಲದ ಜಾಡಿನಲ್ಲಿಯೇ ಇದೆ ಎಂದು ಎಲ್ಲೆಡೆ ಹೇಳಲಾಗದು.

ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಇನ್ನೊಂದು ವಿಶೇಷವಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಗದ್ದೆ ತೋಟಗಳ ಸರ್ವೆ ನಂಬರುಗಳು ಹಳೆಯ ಗ್ರಾಮ ನಕ್ಷೆಗಳಲ್ಲಿ ಹಾಗೆಯೇ ಇವೆ. ಉಪಗ್ರಹ ಚಿತ್ರದ ಮೇಲೆ ಆ ನಕ್ಷೆಯನ್ನು ಇರಿಸಿದಾಗ ನೀರಿನ ಮೇಲೆ ಹೊಲದ ಗೆರೆಗಳು ಕಾಣುತ್ತವೆ. ಇದು ತಂತ್ರಾಂಶದ ದೋಷವಲ್ಲ. ನಕ್ಷೆಯು ಅಣೆಕಟ್ಟೆಗಿಂತ ಹಳೆಯದು, ಚಿತ್ರವು ಹೊಸದು, ಅಷ್ಟೇ.

ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳನ್ನು ಬಳಸುವವರಿಗೆ ಒಂದು ಸೂಚನೆ. ತೀರ್ಥಹಳ್ಳಿ ಮತ್ತು ಹೊಸನಗರ ಪಟ್ಟಣಗಳು ಹಳೆಯ ಕ್ರಮಾಂಕದ 48 'ಓ' ಹಾಳೆಯ ವ್ಯಾಪ್ತಿಗೂ, 14 ಡಿಗ್ರಿ ಅಕ್ಷಾಂಶದ ಉತ್ತರಕ್ಕಿರುವ ಸಾಗರ ಪಟ್ಟಣವು 48 'ಎನ್' ಹಾಳೆಯ ವ್ಯಾಪ್ತಿಗೂ ಬರುತ್ತವೆ. ಹಳೆಯ ಹಾಳೆಗಳು ಎವರೆಸ್ಟ್ ಗೋಳಮಾನವನ್ನೂ ಜಿ.ಪಿ.ಎಸ್. ಉಪಕರಣಗಳು ಡಬ್ಲ್ಯು.ಜಿ.ಎಸ್. 84 ಎಂಬ ಮಾನವನ್ನೂ ಅನುಸರಿಸುವುದರಿಂದ, ಹಳೆಯ ಹಾಳೆಯಿಂದ ಓದಿದ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆ ಫೋನಿಗೆ ಕೊಟ್ಟರೆ ಸ್ಥಳವು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಈ ಹಾಳೆಗಳಲ್ಲಿ ಸರ್ವೆ ನಂಬರುಗಳಿರುವುದಿಲ್ಲ. ಜಮೀನಿನ ಹಕ್ಕಿಗೆ ಸಂಬಂಧಿಸಿದ ಅರ್ಜಿಯೊಂದಿಗೆ ಇವುಗಳನ್ನು ಲಗತ್ತಿಸುವ ಅಗತ್ಯವಿಲ್ಲ.

ಇಳಿಜಾರಿನ ಅಳತೆ

ಅಳತೆಯಲ್ಲಿ ತಮ್ಮ ಜಮೀನು ಕಡಿಮೆ ಬಂದಿದೆ ಎಂಬ ದೂರಿಗೆ ಗುಡ್ಡದ ನಾಡಿನಲ್ಲಿ ಒಂದು ಸರಳ ಕಾರಣವಿರಬಹುದು. ಕಂದಾಯ ದಾಖಲೆಯ ವಿಸ್ತೀರ್ಣವು ಸಮತಲದ ವಿಸ್ತೀರ್ಣವಾಗಿರುತ್ತದೆ. ಸರಪಳಿಯನ್ನು ಇಳಿಜಾರಿನ ಮೇಲೆ ಹಾಸದೆ, ಮೆಟ್ಟಿಲು ಮೆಟ್ಟಿಲಾಗಿ ಸಮಮಟ್ಟದಲ್ಲಿ ಹಿಡಿದು ಅಳೆಯುವುದು ಕ್ರಮ. ಉಪಗ್ರಹ ಚಿತ್ರ ಮತ್ತು ಡಿಜಿಟಲ್ ನಕ್ಷೆಗಳೂ ಭೂಮಿಯನ್ನು ಮೇಲಿನಿಂದ ನೋಡಿದ ಅಳತೆಯನ್ನೇ ಕೊಡುತ್ತವೆ. ಆದರೆ ಮಾಲೀಕನು ಹಗ್ಗ ಅಥವಾ ಟೇಪನ್ನು ನೆಲದ ಮೇಲೆಯೇ ಎಳೆದು ಅಳೆದಿರುತ್ತಾನೆ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 100 ಅಡಿ ಬಂದದ್ದು ನಕ್ಷೆಯಲ್ಲಿ 86 ಅಡಿ 7 ಇಂಚು ಮಾತ್ರ. ನೆಲದ ಮೇಲೆ ಒಂದು ಎಕರೆ ಎಂದು ತೋರಿದ ಜಾಗವು ದಾಖಲೆಯಲ್ಲಿ ಸುಮಾರು 34 ಗುಂಟೆ 10 ಆಣೆ ಆಗುತ್ತದೆ. ಐದು ಗುಂಟೆಗೂ ಮಿಕ್ಕಿದ ಈ ವ್ಯತ್ಯಾಸವನ್ನು ನೆರೆಯವರ ಒತ್ತುವರಿ ಎಂದು ತಿಳಿದು ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿದರೆ ಶುಲ್ಕವೂ ವ್ಯರ್ಥ, ನೆರೆಹೊರೆಯ ಸಂಬಂಧವೂ ಕೆಡುತ್ತದೆ.

ಮರದ ನೆರಳಿನಲ್ಲಿ ಉಪಗ್ರಹ

ಫೋನಿನಲ್ಲಿರುವ ಜಿ.ಪಿ.ಎಸ್. ತೆರೆದ ಆಕಾಶದ ಕೆಳಗೆ ಸಾಮಾನ್ಯವಾಗಿ ಐದು ಮೀಟರ್‌ನಷ್ಟು ನಿಖರತೆಯನ್ನು ಕೊಡುತ್ತದೆ. ದಟ್ಟ ಮರಗಳ ಅಡಿಯಲ್ಲಿ, ಕಡಿದಾದ ಕಣಿವೆಯಲ್ಲಿ ಈ ನಿಖರತೆ ಕುಗ್ಗುತ್ತದೆ. ಉಪಗ್ರಹದ ಸಂಕೇತವು ಎಲೆಗಳಿಂದ, ಅದರಲ್ಲಿಯೂ ನೆನೆದ ಎಲೆಗಳಿಂದ ದುರ್ಬಲವಾಗುತ್ತದೆ. ಗುಡ್ಡದ ಬದಿಗೆ ತಾಗಿ ಪ್ರತಿಫಲಿಸಿದ ಸಂಕೇತವು ದೂರವನ್ನು ತಪ್ಪಾಗಿ ತೋರಿಸುತ್ತದೆ. ಮೋಡದಿಂದ ಹೆಚ್ಚಿನ ಬಾಧೆಯಿಲ್ಲ, ಆದರೆ ಮೋಡವು ಉಪಗ್ರಹದ ಛಾಯಾಚಿತ್ರಕ್ಕೆ ಅಡ್ಡಿಯಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸ್ಪಷ್ಟ ಚಿತ್ರ ದೊರೆಯುವುದೇ ವಿರಳ. ಬಳಕೆಯಲ್ಲಿರುವ ಚಿತ್ರಗಳು ಬಹುತೇಕ ಬೇಸಿಗೆಯವು.

ಚಿತ್ರದ ಸೂಕ್ಷ್ಮತೆಯೂ ಕಾಲಕಾಲಕ್ಕೆ ಬದಲಾಗಿದೆ. 1988ರಲ್ಲಿ ಉಡಾವಣೆಗೊಂಡ ಐ.ಆರ್.ಎಸ್.-1ಎ ಉಪಗ್ರಹದ ಉತ್ತಮ ಕ್ಯಾಮೆರಾದಲ್ಲಿ ಒಂದು ಚುಕ್ಕೆಯು ನೆಲದ ಮೇಲೆ ಸುಮಾರು 36 ಮೀಟರ್ ಚೌಕವಾಗಿತ್ತು. ಒಂದು ಚುಕ್ಕೆಯಲ್ಲಿ 13 ಗುಂಟೆ ಅಡಗುತ್ತಿತ್ತು. 2005ರ ಕಾರ್ಟೊಸ್ಯಾಟ್-1ರಲ್ಲಿ ಚುಕ್ಕೆಯು ಎರಡೂವರೆ ಮೀಟರಿಗೆ ಇಳಿಯಿತು. ಅಡಿಕೆ ಸಸಿಗಳನ್ನು ಒಂಬತ್ತು ಅಡಿ ಅಂತರದಲ್ಲಿ ನೆಡುವ ರೂಢಿಯಿರುವುದರಿಂದ, ಒಂದು ಚುಕ್ಕೆಗೆ ಸರಿಸುಮಾರು ಒಂದು ಅಡಿಕೆ ಮರ ಎನ್ನಬಹುದು. 2019ರ ಕಾರ್ಟೊಸ್ಯಾಟ್-3ರ ಚುಕ್ಕೆಯು ಒಂದು ಅಡಿಗೂ ಕಡಿಮೆ. ಚಿತ್ರ ಎಷ್ಟೇ ಸೂಕ್ಷ್ಮವಾದರೂ ಅದರ ಮೇಲೆ ಕೂರಿಸಿದ ಗಡಿಯ ಗೆರೆ ಹಳೆಯ ಗ್ರಾಮ ನಕ್ಷೆಯದೇ ಆಗಿರುತ್ತದೆ. ಚಿತ್ರ ಸ್ಪಷ್ಟವಾಗಿ ಕಾಣುತ್ತಿದೆ ಎಂಬ ಕಾರಣಕ್ಕೆ ಗೆರೆಯೂ ನಿಖರವಾಗಿದೆ ಎಂದು ಭಾವಿಸುವುದೇ ಹೆಚ್ಚಿನ ವ್ಯಾಜ್ಯಗಳಿಗೆ ಎಡೆಮಾಡುವಂತಹುದು.

ಲೇಖನಿಯ ದಪ್ಪ, ಕಾಗದದ ಕುಗ್ಗುವಿಕೆ, ನಕ್ಷೆ ಕೂರಿಸುವಾಗಿನ ವ್ಯತ್ಯಾಸ, ಫೋನಿನ ವ್ಯತ್ಯಾಸ ಇವೆಲ್ಲವೂ ಕೂಡಿ ಪರದೆಯ ಗೆರೆಗೂ ನೆಲದ ಗಡಿಕಲ್ಲಿಗೂ ಹತ್ತು ಮೀಟರ್ ಅಂತರ ಕಂಡುಬಂದರೆ ಅಚ್ಚರಿಪಡಬೇಕಾಗಿಲ್ಲ. ಹತ್ತು ಮೀಟರ್ ಎಂದರೆ ಹಳೆಯ ಒಂದು ಸರಪಳಿ. ನೂರು ಮೀಟರ್ ಉದ್ದದ ಗಡಿಯಲ್ಲಿ ಇದು ಸುಮಾರು ಹತ್ತು ಗುಂಟೆಯಾಗುತ್ತದೆ; ಅಡಿಕೆ ತೋಟವಾದರೆ 135 ಮರಗಳಷ್ಟು ಜಾಗ.

ಭೂಮಾಪಕರು ಈಗ ಬಳಸುತ್ತಿರುವ 'ರೋವರ್' ಉಪಕರಣದ ವಿಷಯ ಬೇರೆ. ಭಾರತೀಯ ಸರ್ವೇಕ್ಷಣ ಇಲಾಖೆಯು ರಾಜ್ಯದಲ್ಲಿ ಸ್ಥಾಪಿಸಿರುವ ನಿರಂತರ ಕಾರ್ಯನಿರ್ವಹಣೆಯ ಉಲ್ಲೇಖ ಕೇಂದ್ರಗಳ ಜಾಲವು ಉಪಗ್ರಹ ಸಂಕೇತದ ದೋಷವನ್ನು ಲೆಕ್ಕಹಾಕಿ, ತಿದ್ದುಪಡಿಯನ್ನು ಕ್ಷೇತ್ರದಲ್ಲಿರುವ ಉಪಕರಣಕ್ಕೆ ಕೂಡಲೇ ಕಳುಹಿಸುತ್ತದೆ. ಇದರಿಂದ ತೆರೆದ ಸ್ಥಳದಲ್ಲಿ ಕೆಲವೇ ಸೆಂಟಿಮೀಟರ್ ನಿಖರತೆ ಸಾಧ್ಯ. ಆದರೆ ಇದಕ್ಕೆ ತೆರೆದ ಆಕಾಶವೂ ಮೊಬೈಲ್ ಜಾಲದ ಸಂಪರ್ಕವೂ ಬೇಕು. ದಟ್ಟ ತೋಟದ ನಡುವೆ, ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಸರಪಳಿ, ಟೇಪು ಅಥವಾ ಟೋಟಲ್ ಸ್ಟೇಷನ್ ಎಂಬ ದೃಗ್ಯಂತ್ರವನ್ನೇ ಅವಲಂಬಿಸಬೇಕಾಗುತ್ತದೆ. ಅಳತೆಯ ದಿನದ ಮುನ್ನ ಗಡಿಯ ಸಾಲಿನಲ್ಲಿರುವ ಮುಳ್ಳುಪೊದೆಗಳನ್ನು ಸವರಿ, ಗಡಿಕಲ್ಲುಗಳಿದ್ದಲ್ಲಿ ಅವು ಕಾಣುವಂತೆ ಮಾಡಿಟ್ಟರೆ ಕೆಲಸ ಒಂದೇ ದಿನದಲ್ಲಿ ಮುಗಿಯುವ ಸಂಭವ ಹೆಚ್ಚು. ಮರಗಳನ್ನು ಕಡಿಯಕೂಡದು.

ಪಹಣಿಯಲ್ಲಿದ್ದು ನಕ್ಷೆಯಲ್ಲಿಲ್ಲದ ಜಮೀನು

ಪಹಣಿಯೂ ನಕ್ಷೆಯೂ ಏಕಕಾಲದಲ್ಲಿ ಗಣಕಯಂತ್ರಕ್ಕೆ ಬಂದವಲ್ಲ. 'ಭೂಮಿ' ಯೋಜನೆಯು 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನು ತಲುಪಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಆಗ ಗಣಕೀಕರಣಗೊಂಡದ್ದು ಹೆಸರು, ವಿಸ್ತೀರ್ಣ, ಕಂದಾಯ, ಋಣ ಮುಂತಾದ ಬರಹದ ವಿವರಗಳು. ನಕ್ಷೆಗಳು ಬಹಳ ಕಾಲದ ನಂತರ ಬಂದವು. ಹೀಗಾಗಿ ಪಹಣಿಯಲ್ಲಿ ಪ್ರತ್ಯೇಕ ಹೆಸರು, ಪ್ರತ್ಯೇಕ ವಿಸ್ತೀರ್ಣವಿದ್ದರೂ ನಕ್ಷೆಯಲ್ಲಿ ಪ್ರತ್ಯೇಕ ಗೆರೆಯೇ ಇಲ್ಲದ ಜಮೀನುಗಳು ಅನೇಕ. ಇವುಗಳನ್ನು 'ಪೈಕಿ' ಪಹಣಿಗಳು ಎನ್ನಲಾಗುತ್ತದೆ.

ಈ ತಾಲ್ಲೂಕುಗಳಲ್ಲಿ ಇಂತಹ ಪಹಣಿಗಳು ಉಂಟಾಗಲು ಚಾರಿತ್ರಿಕ ಕಾರಣವಿದೆ. 1951ರ ಕಾಗೋಡು ಸತ್ಯಾಗ್ರಹವು ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ಗೇಣಿದಾರರ ಪ್ರಶ್ನೆ ಮುಂದೆ ಭೂಸುಧಾರಣಾ ಕಾನೂನಿಗೆ ದಾರಿಮಾಡಿತು. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆಯಂತೆ 1-3-1974ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಗಳು ಅಧಿಭೋಗದ ಹಕ್ಕನ್ನು ಮಂಜೂರು ಮಾಡಿದವು. ಒಂದು ಸರ್ವೆ ನಂಬರಿನ ಮೂರು ಎಕರೆಯಲ್ಲಿ ಒಬ್ಬರಿಗೆ 1 ಎಕರೆ 10 ಗುಂಟೆ, ಮತ್ತೊಬ್ಬರಿಗೆ 30 ಗುಂಟೆ ಎಂದು ಆದೇಶವಾಗಿ, ಹೆಸರುಗಳು ಪಹಣಿಗೆ ಏರಿದವು. ಆದರೆ ಯಾವ 30 ಗುಂಟೆ ಎಂಬುದನ್ನು ನೆಲದ ಮೇಲೆ ಅಳೆದು, ಹಿಸ್ಸಾ ನಂಬರು ಕೊಟ್ಟು, ನಕ್ಷೆಯಲ್ಲಿ ತೋರಿಸುವ ಪೋಡಿ ಕಾರ್ಯವು ಎಲ್ಲ ಪ್ರಕರಣಗಳಲ್ಲಿಯೂ ಅದರೊಂದಿಗೆ ನಡೆಯಲಿಲ್ಲ. ದರಖಾಸ್ತಿನಲ್ಲಿ ಮಂಜೂರಾದ ಜಮೀನುಗಳದೂ ಇದೇ ಸ್ಥಿತಿ. ಪಡೆದವರ ಮಕ್ಕಳು, ಮೊಮ್ಮಕ್ಕಳು ಈಗ ಪಾಲು ಮಾಡಿಕೊಳ್ಳುವಾಗ ಅಥವಾ ಬ್ಯಾಂಕಿಗೆ ಹೋದಾಗ ಈ ಕೊರತೆ ಎದುರಾಗುತ್ತದೆ.

ಆದ್ದರಿಂದ ಡಿಜಿಟಲ್ ನಕ್ಷೆಯಲ್ಲಿ ತಮ್ಮ ಜಮೀನು ಪ್ರತ್ಯೇಕವಾಗಿ ಕಾಣದಿದ್ದರೆ ಹಕ್ಕು ಇಲ್ಲವೆಂದು ಗಾಬರಿಪಡುವ ಕಾರಣವಿಲ್ಲ. ಹಕ್ಕಿಗೆ ಆಧಾರ ಮಂಜೂರಾತಿ ಆದೇಶ ಮತ್ತು ಪಹಣಿ. ಅದೇ ರೀತಿ, ಸರ್ವೆ ನಂಬರಿನ ಇಡೀ ಹೊರಗೆರೆಯನ್ನು ತೋರಿಸಿ ಇದೆಲ್ಲವೂ ತನ್ನದೆಂದು ಮಾರಾಟಗಾರನು ಹೇಳಿದರೆ ನಂಬುವ ಕಾರಣವೂ ಇಲ್ಲ. ಪಹಣಿಯ ಕಾಲಂ 9ರಲ್ಲಿ ಎಷ್ಟು ಹೆಸರುಗಳಿವೆ, ಅವುಗಳ ಮುಂದೆ ಎಷ್ಟು ವಿಸ್ತೀರ್ಣವಿದೆ ಎಂಬುದನ್ನು ಮೊದಲು ನೋಡತಕ್ಕದ್ದು. ಕಾಲಂ 3ರಲ್ಲಿ ಖರಾಬು ಇದ್ದರೆ ಅದು 'ಅ' ಖರಾಬೋ 'ಬ' ಖರಾಬೋ ಎಂಬುದನ್ನೂ ಪರಿಶೀಲಿಸತಕ್ಕದ್ದು. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉದ್ದೇಶದ 'ಬ' ಖರಾಬು ನಕ್ಷೆಯ ಗೆರೆಯೊಳಗೇ ಇದ್ದರೂ ಹಿಡುವಳಿದಾರನ ಸ್ವತ್ತಾಗುವುದಿಲ್ಲ.

ಸೊಪ್ಪಿನಬೆಟ್ಟ, ಕಾನು ಮತ್ತು ಅರಣ್ಯದ ಪದರ

ಜಿ.ಐ.ಎಸ್.ನ ಮುಖ್ಯ ಪ್ರಯೋಜನವು ಬೇರೆ ಬೇರೆ ಇಲಾಖೆಗಳ ನಕ್ಷೆಗಳನ್ನು ಒಂದೆಡೆ ನೋಡುವುದಾಗಿದೆ. ಮಲೆನಾಡಿನಲ್ಲಿ ಅತಿ ಹೆಚ್ಚು ಆತಂಕಕ್ಕೆ ಕಾರಣವಾಗುವುದೂ ಇದೇ. ಕಂದಾಯ ಗ್ರಾಮ ನಕ್ಷೆಯ ಮೇಲೆ ಅರಣ್ಯ ಗಡಿಯ ಪದರವನ್ನು ಇರಿಸಿದಾಗ ಎರಡೂ ಒಂದಕ್ಕೊಂದು ಸರಿಯಾಗಿ ಹೊಂದದೆ, ತೋಟದ ಅಂಚು ಅರಣ್ಯದೊಳಗೆ ಅಥವಾ ಅರಣ್ಯದ ಅಂಚು ತೋಟದೊಳಗೆ ಸೇರಿದಂತೆ ಕಾಣಬಹುದು. ಎರಡು ನಕ್ಷೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಪ್ರಮಾಣದಲ್ಲಿ, ಬೇರೆ ಉದ್ದೇಶಕ್ಕಾಗಿ ತಯಾರಾದವು. ಅರಣ್ಯದ ಗಡಿಯನ್ನು ನಿರ್ಧರಿಸುವುದು ಕರ್ನಾಟಕ ಅರಣ್ಯ ಕಾಯ್ದೆ, 1963 ಅಥವಾ ಅದಕ್ಕೂ ಹಿಂದಿನ ಕಾನೂನಿನ ಅಡಿಯಲ್ಲಿ ಹೊರಟ ಅಧಿಸೂಚನೆಯ ಚಕ್ಕುಬಂದಿ ಮತ್ತು ನೆಲದ ಮೇಲಿನ ಗುರುತುಗಳು. ಪರದೆಯ ಮೇಲಿನ ಬಣ್ಣವು ಅಧಿಸೂಚನೆಯ ಸ್ಥಾನವನ್ನು ಪಡೆಯುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಯೇ ಪರಿಹಾರವಾಗಿರುತ್ತದೆ.

ಸೊಪ್ಪಿನಬೆಟ್ಟ ಮತ್ತು ಕಾನುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಈ ಜಾಗಗಳಲ್ಲಿ ತೋಟದ ಮಾಲೀಕರು ಹಿಂದಿನಿಂದ ಅನುಭವಿಸಿಕೊಂಡು ಬಂದ ಸವಲತ್ತುಗಳನ್ನು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಕಲಮು ಮುಂದುವರಿಸಿದೆ. ಆದರೆ ಸವಲತ್ತು ಬೇರೆ, ಮಾಲೀಕತ್ವ ಬೇರೆ. ಡಿಜಿಟಲ್ ನಕ್ಷೆಯು ಸರ್ವೆ ನಂಬರಿನ ಗೆರೆಯನ್ನು ತೋರಿಸಬಲ್ಲುದು, ಆ ನಂಬರಿನಲ್ಲಿ ಯಾವ ತೋಟಕ್ಕೆ ಯಾವ ಸವಲತ್ತು ಸೇರಿದೆ ಎಂಬುದನ್ನು ತೋರಿಸದು. ಅದಕ್ಕೆ ಹಳೆಯ ಸರ್ವೆ ಮತ್ತು ಸವಲತ್ತಿನ ದಾಖಲೆಗಳನ್ನೇ ನೋಡಬೇಕು.

ಉಪಗ್ರಹ ಚಿತ್ರದಿಂದ ಭೂಬಳಕೆಯನ್ನು ಗುರುತಿಸುವಾಗಲೂ ಮಲೆನಾಡಿನ ಹಸಿರು ಕಷ್ಟ ಕೊಡುತ್ತದೆ. ಗದ್ದೆ, ಬೋಳುಗುಡ್ಡ, ನೀರು ಸುಲಭವಾಗಿ ಬೇರ್ಪಡುತ್ತವೆ. ಕಾಡಿನ ಮರಗಳ ನೆರಳಿನಲ್ಲಿ ಬೆಳೆದ ಕಾಫಿ, ಏಲಕ್ಕಿ ಅಥವಾ ಹಳೆಯ ಮಿಶ್ರ ತೋಟವು ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶವನ್ನು ಗುರುತಿಸಿದ ಕಸ್ತೂರಿರಂಗನ್ ನೇತೃತ್ವದ ಸಮಿತಿಯು 2013ರಲ್ಲಿ ನೀಡಿದ ವರದಿಯು ಉಪಗ್ರಹ ಮಾಹಿತಿಯನ್ನು ಆಧರಿಸಿ, ಗ್ರಾಮವನ್ನು ಘಟಕವಾಗಿ ತೆಗೆದುಕೊಂಡಿತ್ತು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರವು ಹೊರಡಿಸಿದ ಕರಡು ಅಧಿಸೂಚನೆಗಳ ಪಟ್ಟಿಯಲ್ಲಿ ಈ ಮೂರೂ ತಾಲ್ಲೂಕುಗಳ ಗ್ರಾಮಗಳಿವೆ. ತೋಟಗಳನ್ನು ಕಾಡೆಂದು ಎಣಿಸಲಾಗಿದೆ ಎಂಬ ಆಕ್ಷೇಪಣೆ ಗ್ರಾಮಗಳಿಂದ ಕೇಳಿಬಂದದ್ದಕ್ಕೆ ಮೇಲೆ ಹೇಳಿದ ತಾಂತ್ರಿಕ ಮಿತಿಯೂ ಒಂದು ಕಾರಣ. ಅರ್ಜಿದಾರರು ತಿಳಿಯಬೇಕಾದದ್ದೆಂದರೆ, ಈ ಪಟ್ಟಿಯು ಗ್ರಾಮಕ್ಕೆ ಸಂಬಂಧಿಸಿದ್ದು. ಯಾವುದೇ ಸರ್ವೆ ನಂಬರಿನ ಮಾಲೀಕತ್ವ, ವಿಸ್ತೀರ್ಣ ಅಥವಾ ಗಡಿಯು ಅದರಿಂದ ಬದಲಾಗುವುದಿಲ್ಲ.

ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ನಮೂನೆ 57ರಲ್ಲಿ ಸಲ್ಲಿಸಿದ ಅರ್ಜಿಗಳ ಪರಿಶೀಲನೆಯಲ್ಲಿ ಈಚಿನ ವರ್ಷಗಳಲ್ಲಿ ಜಾಗದ ಸುತ್ತಳತೆಯನ್ನು ಮೊಬೈಲ್ ತಂತ್ರಾಂಶದಲ್ಲಿ ಗುರುತಿಸಿ, ಉಪಗ್ರಹ ಚಿತ್ರದೊಂದಿಗೆ ಹೋಲಿಸುವ ಕ್ರಮವನ್ನು ಅನುಸರಿಸಲಾಗುತ್ತಿದೆ. ಚಿತ್ರದಲ್ಲಿ ಸಾಗುವಳಿ ಕಾಣದಿದ್ದರೆ ಅದು ಮರದ ನೆರಳಿನ ತೋಟವಾಗಿದ್ದ ಕಾರಣದಿಂದಲೇ ಎಂಬುದನ್ನು ಸ್ಥಳ ಪರಿಶೀಲನೆಯ ವೇಳೆ ಅಧಿಕಾರಿಯ ಗಮನಕ್ಕೆ ತಂದು, ಮರಗಳ ವಯಸ್ಸು, ಹಳೆಯ ದಂಡದ ರಸೀದಿ ಮುಂತಾದ ಪುರಾವೆಗಳನ್ನು ಮಹಜರಿನಲ್ಲಿ ದಾಖಲಿಸಿಕೊಳ್ಳುವಂತೆ ಕೋರುವುದು ಸೂಕ್ತ. ಬೇಸಿಗೆಯ ಚಿತ್ರವನ್ನೂ ಮಳೆಗಾಲದ ನಂತರದ ಚಿತ್ರವನ್ನೂ ಹೋಲಿಸಬಾರದು ಎಂಬುದು ಈ ಶಾಸ್ತ್ರದ ಪ್ರಾಥಮಿಕ ನಿಯಮ.

ಡ್ರೋನ್ ಅಳತೆ ಮತ್ತು ಚದುರಿದ ಮನೆಗಳು

ಗ್ರಾಮೀಣ ವಸತಿ ಪ್ರದೇಶದ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆದು ಆಸ್ತಿ ದಾಖಲೆ ನೀಡುವ ಸ್ವಾಮಿತ್ವ ಯೋಜನೆಯು 24-4-2020ರಂದು ಆರಂಭವಾಯಿತು. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯ ಎಲ್ಲೆಗಳಿಗೆ ಸುಣ್ಣದ ಗುರುತು ಹಾಕಿ, ಡ್ರೋನ್ ಹಾರಿಸಿ, ದೊರೆತ ಚಿತ್ರದಿಂದ ನಕ್ಷೆ ತಯಾರಿಸಲಾಗುತ್ತದೆ. ಈ ಕ್ರಮವು ಮನೆಗಳು ಗ್ರಾಮಠಾಣದೊಳಗೆ ಒತ್ತಾಗಿರುವ ಊರುಗಳಿಗೆ ಚೆನ್ನಾಗಿ ಹೊಂದುತ್ತದೆ. ಮಲೆನಾಡಿನ ಊರು ಹಾಗಿರುವುದಿಲ್ಲ. 1967ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮೇಗರವಳ್ಳಿಯ ಹೆಸರನ್ನು ಕಂಡ ಓದುಗರಿಗೆ ಅಲ್ಲಿನ ಮನೆಗಳ ನಡುವಿನ ದೂರವೂ ತಿಳಿದಿರುತ್ತದೆ. ಒಂದು ಮನೆ, ಅದರ ತೋಟ, ನಡುವೆ ಕಾಡು, ಆಮೇಲೆ ಇನ್ನೊಂದು ಮನೆ. ಮನೆ ಇರುವುದು ಗ್ರಾಮಠಾಣದಲ್ಲಲ್ಲ, ಸರ್ವೆ ನಂಬರಿನಲ್ಲಿ.

ಹೀಗಾಗಿ ಒಂಟಿ ಮನೆಯವರಿಗೆ ಸ್ವಾಮಿತ್ವದ ಆಸ್ತಿ ದಾಖಲೆ ಬರಲಿಲ್ಲವೆಂದರೆ ಅದು ಕೈಬಿಟ್ಟ ಲೆಕ್ಕವಲ್ಲ. ಆ ಮನೆಯು ಯೋಜನೆಯ ವ್ಯಾಪ್ತಿಯ ಹೊರಗಿದೆ. ಸ್ವಂತ ಹಿಡುವಳಿಯಲ್ಲಿನ ಮನೆಗೆ ಭೂಪರಿವರ್ತನೆಯ ನಿಯಮಗಳೂ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಗೆ ಭೂಕಂದಾಯ ಕಾಯ್ದೆಯ 94ಸಿ ಕಲಮೂ ಅನ್ವಯವಾಗುತ್ತವೆ. ಜಾಗ ಅರಣ್ಯವಾಗಿದ್ದರೆ 94ಸಿ ಅನ್ವಯಿಸದು. ಅರ್ಹರು ಅರಣ್ಯ ಹಕ್ಕು ಕಾಯ್ದೆ, 2006ರ ಅಡಿಯಲ್ಲಿ ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿ ಸಲ್ಲಿಸುವ ಮುನ್ನ

ಡಿಜಿಟಲ್ ನಕ್ಷೆಯಲ್ಲಿ ಜಮೀನನ್ನು ಹುಡುಕುವಾಗ ಮೊದಲು ಎದುರಾಗುವ ತೊಡಕು ಊರಿನ ಹೆಸರು. ಜನರು ಹೇಳುವ ಊರು, ಅಂಚೆಯ ವಿಳಾಸದ ಊರು, ಗ್ರಾಮ ಪಂಚಾಯಿತಿಯ ಹೆಸರು ಮತ್ತು ಕಂದಾಯ ಗ್ರಾಮ ಇವು ನಾಲ್ಕೂ ಬೇರೆಯಾಗಿರಬಹುದು. ತಂತ್ರಾಂಶಕ್ಕೆ ಬೇಕಾದದ್ದು ಕಂದಾಯ ಗ್ರಾಮದ ಹೆಸರು. ಅದು ಪಹಣಿಯ ಮೇಲ್ಭಾಗದಲ್ಲಿ ಹೋಬಳಿಯ ಹೆಸರಿನೊಂದಿಗೆ ಮುದ್ರಿತವಾಗಿರುತ್ತದೆ. ಪಹಣಿಯಲ್ಲಿರುವ ಕಾಗುಣಿತದಲ್ಲಿಯೇ ಹುಡುಕುವುದು ಲೇಸು.

ಗಡಿಯ ಬಗ್ಗೆ ಮಾತ್ರ ಸಂಶಯವಿದ್ದರೆ ಹದ್ದುಬಸ್ತಿಗೂ, ಪೈಕಿ ಪಹಣಿಯನ್ನು ಪ್ರತ್ಯೇಕಿಸಿಕೊಳ್ಳಬೇಕಿದ್ದರೆ ಪೋಡಿಗೂ, ಸರ್ವೆ ನಂಬರಿನ ಒಂದು ಭಾಗವನ್ನು ಮಾರಾಟ, ದಾನ ಅಥವಾ ವಿಭಾಗ ಮಾಡಬೇಕಿದ್ದರೆ ನೋಂದಣಿಗೆ ಮುನ್ನ 11ಇ ನಕ್ಷೆಗೂ ಅರ್ಜಿ ಸಲ್ಲಿಸತಕ್ಕದ್ದು. ಈ ಅರ್ಜಿಗಳನ್ನು 'ಮೋಜಿಣಿ' ತಂತ್ರಾಂಶದಲ್ಲಿ ಸ್ವೀಕರಿಸಲಾಗುತ್ತದೆ. ಮೂರರಲ್ಲಿ ಒಂದರ ಬದಲು ಇನ್ನೊಂದನ್ನು ಕೋರಿದರೆ ಅರ್ಜಿ ಹಿಂದಿರುಗಿ, ಮತ್ತೆ ಸರದಿಯಲ್ಲಿ ಕಾಯಬೇಕಾಗುತ್ತದೆ. ಅರ್ಜಿಗೆ ಮುನ್ನವೇ ಟಿಪ್ಪಣಿ, ಆಕಾರ್‌ಬಂದ್ ಮತ್ತು ಗ್ರಾಮ ನಕ್ಷೆಯ ನಕಲುಗಳನ್ನು ಪಡೆದು, ಆಕಾರ್‌ಬಂದಿನ ವಿಸ್ತೀರ್ಣಕ್ಕೂ ಪಹಣಿಯಲ್ಲಿನ ಎಲ್ಲ ಹಿಸ್ಸೆಗಳ ಒಟ್ಟು ವಿಸ್ತೀರ್ಣಕ್ಕೂ ತಾಳೆ ನೋಡಿಕೊಳ್ಳುವುದು ಅತ್ಯಂತ ಉಪಯುಕ್ತ. ಪಹಣಿಯ ಒಟ್ಟು ಮೊತ್ತ ಹೆಚ್ಚಾಗಿದ್ದರೆ ಅಳತೆಯಿಂದ ಆ ಹೆಚ್ಚುವರಿ ಜಮೀನು ದೊರೆಯುವುದಿಲ್ಲ. ಮೊದಲು ದಾಖಲೆಯ ತಿದ್ದುಪಡಿ ಆಗಬೇಕು.

ಅಳತೆಯ ದಿನಾಂಕದ ನೋಟಿಸು ಅಕ್ಕಪಕ್ಕದ ಹಿಡುವಳಿದಾರರಿಗೂ ಹೋಗುತ್ತದೆ. ಅವರು ಹಾಜರಿದ್ದು ಹೇಳಿಕೆ ಕೊಡುವುದು ಅರ್ಜಿದಾರರ ಹಿತಕ್ಕೂ ಒಳ್ಳೆಯದು. ದಿಶಾಂಕ್‌ನಲ್ಲಿ ಕಂಡ ಗೆರೆಗೂ ಭೂಮಾಪಕರು ಟಿಪ್ಪಣಿಯಂತೆ ತೋರಿಸಿದ ಗಡಿಗೂ ವ್ಯತ್ಯಾಸವಿದ್ದಲ್ಲಿ ಟಿಪ್ಪಣಿಯ ಗಡಿಯನ್ನೇ ಪರಿಗಣಿಸಲಾಗುವುದು. ಪರದೆಯ ಚಿತ್ರದ ಮುದ್ರಿತ ಪ್ರತಿಯನ್ನು ಪುರಾವೆಯಾಗಿ ಸ್ವೀಕರಿಸಲಾಗುವುದಿಲ್ಲ. ಮಳೆಗಾಲದಲ್ಲಿ ಕ್ಷೇತ್ರ ಕಾರ್ಯಕ್ಕೆ ಅಡಚಣೆಯಾಗುವುದರಿಂದ, ನವೆಂಬರ್ ತಿಂಗಳಿನಿಂದ ಮೇ ತಿಂಗಳೊಳಗೆ ಅಳತೆ ನಡೆಯುವಂತೆ ಅರ್ಜಿಯನ್ನು ಮುಂಚಿತವಾಗಿ ಸಲ್ಲಿಸುವುದು ಉಚಿತ. ಅಳತೆಯ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಮೊದಲು ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೂ, ಅವರ ತೀರ್ಮಾನವು ಒಪ್ಪಿಗೆಯಾಗದಿದ್ದಲ್ಲಿ ಶಿವಮೊಗ್ಗದಲ್ಲಿರುವ ಭೂದಾಖಲೆಗಳ ಉಪ ನಿರ್ದೇಶಕರಿಗೂ ಲಿಖಿತವಾಗಿ ಮನವಿ ಸಲ್ಲಿಸಬಹುದು. ಜಮೀನು ಯಾರದೆಂಬ ಹಕ್ಕಿನ ವ್ಯಾಜ್ಯವು ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಸೇರಿರುತ್ತದೆ.